ಬೇರೆ ಗ್ರಹಕ್ಕೆ ನೌಕೆ ಕಳಿಸೋದರಲ್ಲಿ ನಿಜವಾದ ಕಷ್ಟ ಎಲ್ಲಿದೆ?

ಹೊಸಬ_22

ತುಂಬಾ ದಿನದಿಂದ ತಲೆಯಲ್ಲಿರುವ ಪ್ರಶ್ನೆ ಇದು. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟಿದ್ದು 1969ರಲ್ಲಿ. ಆಮೇಲೆ ಕಂಪ್ಯೂಟರ್ ಎಲ್ಲಿಂದ ಎಲ್ಲಿಗೋ ಹೋಗಿದೆ, ರಾಕೆಟ್‌ಗಳೂ ಎಷ್ಟೋ ಸುಧಾರಿಸಿವೆ. ಆದರೂ ಬೇರೆ ಗ್ರಹಗಳಿಗೆ ಕಳಿಸಿದ ನೌಕೆಗಳು ಈಗಲೂ ಕೈಕೊಡುತ್ತವೆ. 2016ರಲ್ಲಿ ಯುರೋಪಿನ ಸ್ಕಿಯಾಪರೆಲ್ಲಿ ಮಂಗಳದ ನೆಲಕ್ಕೆ ಅಪ್ಪಳಿಸಿ ಚೂರಾಯಿತು. ಗ್ರಹಗಳು ಯಾವಾಗ ಎಲ್ಲಿರುತ್ತವೆ ಅನ್ನೋದು ನಮಗೆ ನೂರಾರು ವರ್ಷದಿಂದ ಗೊತ್ತು. ಹಾಗಿದ್ದ ಮೇಲೆ ತೊಂದರೆ ಎಲ್ಲಿ? ರಾಕೆಟ್ಟಿಗೆ ಶಕ್ತಿ ಸಾಲದಾ? ದೂರ ಜಾಸ್ತಿ ಅಂತಾನಾ? ಸೂತ್ರಗಳನ್ನು ಪಕ್ಕಕ್ಕಿಟ್ಟು ಯಾರಾದರೂ ಬಿಡಿಸಿ ಹೇಳಿ.

ಲೆಕ್ಕದಮೇಷ್ಟ್ರು

ಮೊದಲು ದೂರದ ವಿಷಯ ಮುಗಿಸಿಬಿಡೋಣ. ದೂರ ಅನ್ನೋದು ಜನ ಅಂದುಕೊಂಡಷ್ಟು ದೊಡ್ಡ ತೊಂದರೆ ಅಲ್ಲ. ನೌಕೆ ಒಂದು ಸಲ ಭೂಮಿಯ ಹಿಡಿತ ಬಿಟ್ಟು ಹೊರಟರೆ ಎಂಜಿನ್ ಆರಿಸಿಕೊಂಡು ಸುಮ್ನೆ ಹೋಗ್ತಾ ಇರುತ್ತದೆ. ನಡುವೆ ಎಲ್ಲೋ ಒಂದೆರಡು ಸಲ ದಾರಿ ಸ್ವಲ್ಪ ತಿದ್ದುತ್ತಾರೆ, ಅಷ್ಟೇ. ಲೆಕ್ಕ ಇರೋದು ವೇಗದ್ದು.

ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿ.ಮೀ. ಓಡುತ್ತಿದೆ. ಇಲ್ಲಿಂದ ಹೊರಟ ಯಾವ ನೌಕೆಗಾದರೂ ಆ ವೇಗ ಮೊದಲೇ ಅಂಟಿಕೊಂಡಿರುತ್ತದೆ. ಮಂಗಳ ಇನ್ನೂ ಆಚೆಯ ದಾರಿಯಲ್ಲಿ ಸೆಕೆಂಡಿಗೆ 24 ಕಿ.ಮೀ.ನಂತೆ ಓಡುತ್ತಿದೆ. ಓಡುವ ಬಸ್ಸಿನಿಂದ ಇನ್ನೊಂದು ಓಡುವ ಬಸ್ಸಿಗೆ ಹಾರಿದ ಹಾಗೆ ಇದು, ಎರಡೂ ಸರಿಯಾದ ಜಾಗಕ್ಕೆ ಬಂದಾಗಲೇ ಹಾರಬೇಕು. ಕಡಿಮೆ ಇಂಧನದಲ್ಲಿ ಮಂಗಳಕ್ಕೆ ಹೊರಡುವ ಆ ಸಮಯ 26 ತಿಂಗಳಿಗೆ ಒಂದು ಸಲ ಬರುತ್ತದೆ, ಕೆಲವು ವಾರ ಇದ್ದು ಹೋಗಿಬಿಡುತ್ತದೆ. ಅಮೆರಿಕದ ಇನ್‌ಸೈಟ್ 2016ರ ಮಾರ್ಚ್‌ನಲ್ಲಿ ಹೊರಡಬೇಕಿತ್ತು. ಕಂಪನ ಅಳೆಯುವ ಉಪಕರಣದ ನಿರ್ವಾತ ಡಬ್ಬಿಯಲ್ಲಿ ಸಣ್ಣ ಸೋರಿಕೆ ಕಾಣಿಸಿತು. ಸರಿಮಾಡೋಕೆ ಅಷ್ಟೊಂದು ಕಾಲ ಬೇಕಿರಲಿಲ್ಲ, ಆದರೆ ಮಂಗಳ ಕಾಯಲ್ಲ ಅಲ್ವಾ? ಕೊನೆಗೆ ಹೊರಟಿದ್ದು 2018ರ ಮೇ ತಿಂಗಳಲ್ಲಿ.

ಇನ್ನು ತೂಕ. ಇಂಧನವನ್ನು ಹೊರೋಕೂ ಇಂಧನ ಬೇಕು. ಇಸ್ರೋದ ಮಂಗಳಯಾನ ಹೊರಟಾಗ 1337 ಕೆ.ಜಿ. ಇತ್ತು, ಅದರಲ್ಲಿ 852 ಕೆ.ಜಿ. ಬರೀ ಇಂಧನ. ವಿಜ್ಞಾನದ ಕೆಲಸ ಮಾಡುವ ಉಪಕರಣಗಳು ಐದೂ ಸೇರಿ 15 ಕೆ.ಜಿ. ಮಾತ್ರ. ಯಾವ ನೌಕೆಯನ್ನು ತೆಗೆದುಕೊಂಡರೂ ಹೆಚ್ಚುಕಡಿಮೆ ಇದೇ ಕಥೆ.

ಹೊಸಬ_22

ಹಾಗಾದರೆ ಹತ್ತಿರದ ಗ್ರಹ ಸುಲಭ, ದೂರದ್ದು ಕಷ್ಟ ಅಂತಲೂ ಇಲ್ವಾ?

ಲೆಕ್ಕದಮೇಷ್ಟ್ರು

ಇಲ್ಲ. ಬುಧವನ್ನೇ ನೋಡಿ. ಪ್ಲೂಟೊ ಕಡೆ ಹೊರಟ ನ್ಯೂ ಹೊರೈಜನ್ಸ್ 2006ರ ಜನವರಿಯಲ್ಲಿ ಹಾರಿ 2007ರ ಫೆಬ್ರವರಿಯಲ್ಲಿ ಗುರುವನ್ನು ದಾಟಿಬಿಟ್ಟಿತು, ಹದಿಮೂರೇ ತಿಂಗಳು. ಅದೇ ಬುಧಕ್ಕೆ ಹೊರಟ ಮೆಸೆಂಜರ್ 2004ರ ಆಗಸ್ಟ್‌ನಲ್ಲಿ ಹಾರಿ ಬುಧದ ಕಕ್ಷೆ ಸೇರಿದ್ದು 2011ರ ಮಾರ್ಚ್‌ನಲ್ಲಿ. ಸೂರ್ಯನ ಕಡೆಗೆ ಹೋಗೋದು ಅಂದರೆ ಬೀಳುತ್ತಾ ಹೋಗೋದು. ಬೀಳುತ್ತಾ ಹೋದಷ್ಟೂ ವೇಗ ಏರುತ್ತದೆ. ಆ ವೇಗ ಕಳೆದುಕೊಳ್ಳದಿದ್ದರೆ ಬುಧದ ಪಕ್ಕದಲ್ಲಿ ಹಾದು ಹೋಗಬಹುದು, ಅಲ್ಲಿ ಉಳಿಯೋಕೆ ಆಗಲ್ಲ. ಬುಧಕ್ಕೆ ಗಾಳಿಯ ಹೊದಿಕೆಯೂ ಇಲ್ಲ, ಉಜ್ಜಿಕೊಂಡು ನಿಧಾನ ಆಗೋಣ ಅಂದರೆ. ಅದಕ್ಕೆ ಮೆಸೆಂಜರ್ ಭೂಮಿಯ ಪಕ್ಕ ಒಂದು ಸಲ, ಶುಕ್ರನ ಪಕ್ಕ ಎರಡು ಸಲ, ಬುಧದ ಪಕ್ಕವೇ ಮೂರು ಸಲ ಹಾದು, ಆ ಗ್ರಹಗಳ ಸೆಳೆತದಿಂದ ಸ್ವಲ್ಪ ಸ್ವಲ್ಪವೇ ದಾರಿ ಬದಲಿಸಿಕೊಂಡು ಹೋಯಿತು. ಈ ಉಪಾಯವನ್ನು ಬುಧದ ದಾರಿಯಲ್ಲಿ ಮೊದಲು ಬಳಸಿದ್ದು ಮ್ಯಾರಿನರ್ 10, 1974ರಲ್ಲಿ, ಶುಕ್ರನ ಪಕ್ಕ ಹಾದು.

ಸಿಗ್ನಲ್‌ಸಿಕ್ತು

ಮೇಷ್ಟ್ರು ಹೇಳಿದ್ದರಲ್ಲೇ ಉತ್ತರ ಇದೆ. ಹೋಗೋದಲ್ಲ, ನಿಲ್ಲೋದು ಕಷ್ಟ. ನನ್ನ ಪ್ರಕಾರ ಅರ್ಧಕ್ಕರ್ಧ ಕಷ್ಟ ಅಲ್ಲೇ ಇದೆ.

ಮಂಗಳದಲ್ಲಿ ಇಳಿಯೋದನ್ನು ತೆಗೆದುಕೊಳ್ಳಿ. ಗಂಟೆಗೆ ಸುಮಾರು 20,000 ಕಿ.ಮೀ. ವೇಗದಲ್ಲಿ ಗಾಳಿಯೊಳಗೆ ನುಗ್ಗುತ್ತೀರಿ. ಏಳು ನಿಮಿಷದೊಳಗೆ ಆ ವೇಗ ಸೊನ್ನೆಗೆ ಬರಬೇಕು. ಮಂಗಳದ ಗಾಳಿಯ ಒತ್ತಡ ಭೂಮಿಯ ಶೇಕಡಾ ಒಂದಕ್ಕಿಂತಲೂ ಕಡಿಮೆ. ಇದು ಎರಡೂ ಕಡೆಯಿಂದ ಕೆಟ್ಟದ್ದು. ಶಾಖಕವಚ ಇಲ್ಲದಿದ್ದರೆ ಸುಟ್ಟುಹೋಗುವಷ್ಟು ಗಾಳಿ ಇದೆ, ಆದರೆ ಬರೀ ಪ್ಯಾರಾಚೂಟ್ ನಂಬಿ ಇಳಿಯುವಷ್ಟು ಇಲ್ಲ. 2021ರ ಫೆಬ್ರವರಿ 18ರಂದು ಇಳಿದ ಪರ್ಸಿವಿಯರೆನ್ಸ್ ರೋವರ್ ತೂಕ 1025 ಕೆ.ಜಿ. ಅದರ ಪ್ಯಾರಾಚೂಟ್ ಅಗಲ 21.5 ಮೀಟರ್. ಶಬ್ದಕ್ಕಿಂತ ಜಾಸ್ತಿ ವೇಗದಲ್ಲಿ ಬಿಚ್ಚಿಕೊಂಡ ಅಷ್ಟು ದೊಡ್ಡ ಪ್ಯಾರಾಚೂಟ್ ಕೂಡ ಕೆಲಸ ಪೂರ್ತಿ ಮುಗಿಸಲಿಲ್ಲ. ಕೊನೆಗೆ ರಾಕೆಟ್ ಉರಿಸಿ ನಿಧಾನ ಮಾಡಿ, ಆ ರಾಕೆಟ್ ಚೌಕಟ್ಟಿನಿಂದ ಹಗ್ಗ ಬಿಟ್ಟು ರೋವರ್ ಅನ್ನು ನೆಲಕ್ಕೆ ಇಳಿಸಬೇಕಾಯಿತು. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಮುಗೀತು.

ಸ್ಕಿಯಾಪರೆಲ್ಲಿಗೆ ಆಗಿದ್ದು ಅದೇ. ಪ್ಯಾರಾಚೂಟ್ ಚೆನ್ನಾಗಿಯೇ ಬಿಚ್ಚಿಕೊಂಡಿತು. ಆದರೆ ನೌಕೆ ಜೋರಾಗಿ ತಿರುಗಿತು. ತಿರುಗುವಿಕೆ ಅಳೆಯುವ ಸಾಧನ ತನ್ನ ಮಿತಿ ದಾಟಿ, ಸುಮಾರು ಒಂದು ಸೆಕೆಂಡ್ ಕಾಲ ಅತಿ ಹೆಚ್ಚಿನ ಅಂಕಿಯನ್ನೇ ತೋರಿಸುತ್ತಾ ಕೂತಿತು. ಕಂಪ್ಯೂಟರ್ ಆ ಅಂಕಿ ನಂಬಿ ಲೆಕ್ಕ ಹಾಕಿದಾಗ ಬಂದ ಎತ್ತರ ಸೊನ್ನೆಗಿಂತ ಕೆಳಗೆ. ಅಂದರೆ ನೌಕೆ ಆಗಲೇ ನೆಲದ ಒಳಗಿದೆ ಅಂತ ಅರ್ಥ! ನೆಲ ಮುಟ್ಟಿಯಾಗಿದೆ ಅಂದುಕೊಂಡು ಅದು ಪ್ಯಾರಾಚೂಟ್ ಕಳಚಿ, ರಾಕೆಟ್‌ಗಳನ್ನು ಕೆಲವೇ ಸೆಕೆಂಡ್ ಉರಿಸಿ ಆರಿಸಿಬಿಟ್ಟಿತು. ನಿಜವಾಗಿ ಆಗ ಅದು ನೆಲದಿಂದ ಸುಮಾರು 3.7 ಕಿ.ಮೀ. ಮೇಲಿತ್ತು. ಒಂದು ಸೆಕೆಂಡಿನ ತಪ್ಪು ಅಂಕಿ, ಅಷ್ಟೇ. "ಎತ್ತರ ಸೊನ್ನೆಗಿಂತ ಕಡಿಮೆ ಇರೋಕೆ ಸಾಧ್ಯವಾ" ಅಂತ ಕೇಳುವವರು ಅಲ್ಲಿ ಯಾರೂ ಇರಲಿಲ್ಲ.

ರಾತ್ರಿಪಾಳಿ

ಆ ಕೊನೆಯ ಸಾಲಿನಲ್ಲೇ ನನ್ನ ವಾದ ಇದೆ. ನಿಲ್ಲೋದು ಕಷ್ಟ ನಿಜ. ಆದರೆ ಅದನ್ನು ಇಷ್ಟು ಕಷ್ಟ ಮಾಡೋದು ಸಮಯ. ಚಂದ್ರನ ಹತ್ತಿರ ಏನಾದರೂ ಆದರೆ ಒಂದೆರಡು ಸೆಕೆಂಡಿನಲ್ಲಿ ಗೊತ್ತಾಗುತ್ತದೆ. ಮಂಗಳದಿಂದ ಸುದ್ದಿ ಬರೋಕೆ 3ರಿಂದ 22 ನಿಮಿಷ ಬೇಕು. ಪ್ಲೂಟೊದಿಂದ ನಾಲ್ಕೂವರೆ ಗಂಟೆ. ಏಳು ನಿಮಿಷದ ಇಳಿಯುವಿಕೆಯಲ್ಲಿ "ಹೊರಟೆ" ಅನ್ನೋ ಸಿಗ್ನಲ್ ನಮಗೆ ಸಿಗುವಷ್ಟರಲ್ಲಿ ಹೆಚ್ಚಿನ ಸಲ ಅಲ್ಲಿ ಎಲ್ಲ ಮುಗಿದಿರುತ್ತದೆ.

ಮಂಗಳಯಾನದ ಕಥೆ ಇದಕ್ಕೆ ಸರಿಯಾದ ಉದಾಹರಣೆ. 2013ರ ನವೆಂಬರ್ 5ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿಯಲ್ಲಿ ಹೊರಟಿತು. ಪಿಎಸ್‌ಎಲ್‌ವಿಗೆ ನೇರವಾಗಿ ಮಂಗಳದ ದಾರಿಗೆ ತಳ್ಳುವ ಶಕ್ತಿ ಇಲ್ಲ. ಅದಕ್ಕೆ ನೌಕೆ ಭೂಮಿಯನ್ನೇ ಸುತ್ತುತ್ತಾ, ಹತ್ತಿರ ಬಂದಾಗಲೆಲ್ಲ ತನ್ನದೇ ಎಂಜಿನ್ ಉರಿಸಿ ಕಕ್ಷೆ ಹಿಗ್ಗಿಸಿಕೊಂಡಿತು. ಡಿಸೆಂಬರ್ 1ರ ನಡುರಾತ್ರಿ ದಾಟಿದ ಮೇಲೆ ಕೊನೆಯ ಸಲ ಉರಿಸಿ ಭೂಮಿಯನ್ನು ಬಿಟ್ಟು ಹೊರಟಿತು. ಆಮೇಲೆ ಆ ದೊಡ್ಡ ಎಂಜಿನ್ ಸುಮಾರು 300 ದಿನ ಮಲಗಿತ್ತು. ಚಳಿ, ನಿರ್ವಾತ, ಕೊಳವೆಯೊಳಗೆ ತುಕ್ಕು ಹಿಡಿಸುವ ಗುಣದ ಇಂಧನ. ಹಾಗೆ ಮಲಗಿದ್ದ ಎಂಜಿನ್ ಮಂಗಳದ ಹತ್ತಿರ ಎದ್ದು 24 ನಿಮಿಷ ಸತತವಾಗಿ ಉರಿಯಬೇಕು. ಏಳದಿದ್ದರೆ ನೌಕೆ ಮಂಗಳವನ್ನು ದಾಟಿ ಸೂರ್ಯನ ಸುತ್ತ ಹೋಗಿಬಿಡುತ್ತದೆ.

ಅದಕ್ಕೇ 2014ರ ಸೆಪ್ಟೆಂಬರ್ 22ರಂದು ನಾಲ್ಕು ಸೆಕೆಂಡ್ ಮಾತ್ರ ಉರಿಸಿ ನೋಡಿದರು. ಉರಿಯಿತು. ಉರಿಯದಿದ್ದರೆ ಎಂಟು ಸಣ್ಣ ಎಂಜಿನ್‌ಗಳನ್ನು ಒಟ್ಟಿಗೆ ಉರಿಸಿ ಹೇಗೋ ಹಿಡಿಯುವ ಇನ್ನೊಂದು ಯೋಜನೆಯೂ ಸಿದ್ಧವಿತ್ತು. 24ರ ಬೆಳಿಗ್ಗೆ 7:17ಕ್ಕೆ ನಿಜವಾದ ಕೆಲಸ ಶುರುವಾಯಿತು. ಆಜ್ಞೆಗಳನ್ನು ಹತ್ತು ದಿನ ಮೊದಲೇ ಕಳಿಸಿ ನೌಕೆಯ ನೆನಪಿನಲ್ಲಿ ಕೂರಿಸಿದ್ದರು. ಎಂಜಿನ್ ಉರಿಯುತ್ತಿರುವಾಗಲೇ ನೌಕೆ ಮಂಗಳದ ಹಿಂದೆ ಮರೆಯಾಯಿತು, ಸಿಗ್ನಲ್ ಹೋಯಿತು. ಅದರ ಮೇಲೆ ಸುಮಾರು ಹನ್ನೆರಡೂವರೆ ನಿಮಿಷದ ದಾರಿ. ಬೆಂಗಳೂರಿನ ನಿಯಂತ್ರಣ ಕೊಠಡಿಯಲ್ಲಿ ಕೂತವರಿಗೆ ಆಗ ಮಾಡೋಕೆ ಏನೂ ಇರಲಿಲ್ಲ. ಎಂಟು ಗಂಟೆಯ ಹೊತ್ತಿಗೆ ಸುದ್ದಿ ಬಂತು. ಮೊದಲ ಪ್ರಯತ್ನದಲ್ಲೇ ಮಂಗಳದ ಕಕ್ಷೆ ಸೇರಿದ ಮೊದಲ ದೇಶ ನಮ್ಮದಾಯಿತು. ಆರು ತಿಂಗಳಿಗೆ ಅಂತ ಮಾಡಿದ್ದ ನೌಕೆ 2022ರವರೆಗೂ ಸಂಪರ್ಕದಲ್ಲಿತ್ತು. ನಾನು ಈ ಕಥೆ ಎಷ್ಟು ಸಲ ಓದಿದರೂ ಆ ನಾಲ್ಕು ಸೆಕೆಂಡಿನ ಪರೀಕ್ಷೆಯ ಹತ್ತಿರ ಬಂದು ನಿಲ್ಲುತ್ತೇನೆ. ಅಷ್ಟು ಕಡಿಮೆ ಇಂಧನ ಇಟ್ಟುಕೊಂಡು, ಅದರಲ್ಲೂ ಸ್ವಲ್ಪ ಖರ್ಚು ಮಾಡಿ ಪರೀಕ್ಷಿಸಬೇಕು ಅಂತ ತೀರ್ಮಾನ ಮಾಡೋಕೆ ಧೈರ್ಯ ಬೇಕು.

ಬೆಳ್ಳಿಚುಕ್ಕಿ

ಎಂಜಿನ್ ಕೈಕೊಟ್ಟರೆ ಏನಾಗುತ್ತದೆ ಅನ್ನೋದಕ್ಕೆ ಜಪಾನಿನ ಅಕಾತ್ಸುಕಿ ಇದೆ. ಇದರ ಬಗ್ಗೆ ನಮ್ಮಲ್ಲಿ ಮಾತಾಡೋರು ಕಡಿಮೆ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

2010ರ ಡಿಸೆಂಬರ್ 7ರಂದು ಅದು ಶುಕ್ರನ ಕಕ್ಷೆ ಸೇರಬೇಕಿತ್ತು. ಎಂಜಿನ್ ಸುಮಾರು 12 ನಿಮಿಷ ಉರಿಯಬೇಕು. ಮೂರು ನಿಮಿಷ ಕೂಡ ಆಗಲಿಲ್ಲ, ನಿಂತುಹೋಯಿತು. ಆಮೇಲೆ ಹುಡುಕಿದಾಗ ಸಿಕ್ಕ ಕಾರಣ ಒಂದು ಕವಾಟ. ದಾರಿಯುದ್ದಕ್ಕೂ ಇಂಧನದ ಆವಿ ಮತ್ತು ಆಕ್ಸಿಡೈಸರ್ (ಇಂಧನ ಉರಿಯೋಕೆ ಆಮ್ಲಜನಕ ಒದಗಿಸುವ ದ್ರವ) ಆವಿ ಸ್ವಲ್ಪ ಸ್ವಲ್ಪವೇ ಸೇರಿ, ಆ ಕವಾಟದಲ್ಲಿ ಉಪ್ಪು ಕಟ್ಟಿತ್ತು. ಇಂಧನ ಸಾಕಷ್ಟು ಹರಿಯಲಿಲ್ಲ, ಎಂಜಿನ್ ಮಿತಿ ಮೀರಿ ಕಾದು ಅದರ ಕೊಳವಿ ಒಡೆಯಿತು. ನೌಕೆ ಶುಕ್ರನನ್ನು ದಾಟಿ ಸೂರ್ಯನನ್ನು ಸುತ್ತತೊಡಗಿತು.

ಅಲ್ಲಿಗೆ ಮುಗೀತು ಅಂತ ಬಿಡಬಹುದಿತ್ತು. ಅವರು ಬಿಡಲಿಲ್ಲ. ದೊಡ್ಡ ಎಂಜಿನ್ ಸತ್ತಿದೆ, ಆದರೆ ನೌಕೆಯನ್ನು ಅತ್ತಿತ್ತ ತಿರುಗಿಸುವ ಸಣ್ಣ ಎಂಜಿನ್‌ಗಳು ಬದುಕಿವೆ. ಅವಕ್ಕೆ ಆಕ್ಸಿಡೈಸರ್ ಬೇಕಿಲ್ಲ. ಹಾಗಾಗಿ ಉಳಿದಿದ್ದ ಆಕ್ಸಿಡೈಸರ್ ಎಲ್ಲ ಹೊರಗೆ ಚೆಲ್ಲಿ ತೂಕ ಇಳಿಸಿದರು. ಶುಕ್ರ ಮತ್ತೆ ಸರಿಯಾಗಿ ಸಿಗುವವರೆಗೆ ಲೆಕ್ಕ ಹಾಕುತ್ತಾ ಕಾದರು. ಅಷ್ಟು ವರ್ಷ ನೌಕೆ ತಾನು ತಡೆಯಬೇಕು ಅಂತ ಯೋಚಿಸಿದ್ದಕ್ಕಿಂತ ಜಾಸ್ತಿ ಬಿಸಿಲು ತಿಂದಿತು. 2015ರ ಡಿಸೆಂಬರ್ 7ರಂದು, ಸರಿಯಾಗಿ ಐದು ವರ್ಷಕ್ಕೆ, ನಾಲ್ಕು ಸಣ್ಣ ಎಂಜಿನ್‌ಗಳನ್ನು ಸುಮಾರು 20 ನಿಮಿಷ ಉರಿಸಿ ಶುಕ್ರನ ಕಕ್ಷೆಗೆ ಸೇರಿಸಿದರು. ಅಂದುಕೊಂಡಿದ್ದಕ್ಕಿಂತ ತುಂಬಾ ಉದ್ದನೆಯ ಕಕ್ಷೆ ಸಿಕ್ಕಿತು, ಆದರೂ 2024ರವರೆಗೆ ಶುಕ್ರನ ಮೋಡಗಳನ್ನು ನೋಡುತ್ತಾ ಕೆಲಸ ಮಾಡಿತು.

ಕವಾಟ ಅಂದಾಗ ಇನ್ನೆರಡು ನೆನಪಾಯಿತು. ಜಪಾನಿನದೇ ನೊಜೋಮಿ 1998ರಲ್ಲಿ ಮಂಗಳಕ್ಕೆ ಹೊರಟು ಕವಾಟದ ತೊಂದರೆಯಿಂದಲೇ ಇಂಧನ ಕಳೆದುಕೊಂಡಿತು, ಕೊನೆಗೂ ಕಕ್ಷೆ ಸೇರಲಿಲ್ಲ. ಗುರುವಿನ ಹತ್ತಿರ ಇರುವ ಜೂನೊ ಕೂಡ 2016ರಲ್ಲಿ ಹೀಲಿಯಂ ಕವಾಟಗಳು ನಿಧಾನವಾಗಿ ತೆರೆದುಕೊಂಡಿದ್ದಕ್ಕೆ, 14 ದಿನದ ಕಕ್ಷೆಗೆ ಇಳಿಯುವ ಯೋಚನೆ ಕೈಬಿಟ್ಟು 53 ದಿನದ ಕಕ್ಷೆಯಲ್ಲೇ ಉಳಿಯಿತು. ಅಂಗೈಯಲ್ಲಿ ಹಿಡಿಯುವಂಥ ಒಂದು ಭಾಗ!

ಹೊಸಬ_22

ಶುಕ್ರನ ಮೇಲೆ ಇಳಿದಿದ್ದಾರಾ? ಅಲ್ಲಿ ಗಾಳಿ ದಟ್ಟ ಅಂತ ಕೇಳಿದ್ದೆ, ಹಾಗಾದರೆ ಪ್ಯಾರಾಚೂಟ್ ತೊಂದರೆ ಇರಲ್ಲ ಅಲ್ವಾ.

ಬೆಳ್ಳಿಚುಕ್ಕಿ

ಇಳಿಯೋದು ಮಂಗಳಕ್ಕಿಂತ ಸುಲಭ. ಬದುಕೋದು ಕಷ್ಟ. ನೆಲದ ಮೇಲೆ ಒತ್ತಡ ಭೂಮಿಯ 90 ಪಟ್ಟಿಗಿಂತ ಜಾಸ್ತಿ, ಬಿಸಿ 460 ಡಿಗ್ರಿಯ ಆಸುಪಾಸು, ಅಂದರೆ ಸೀಸ ಕರಗುವಷ್ಟು. ಸೋವಿಯತ್ ಒಕ್ಕೂಟದವರು ಛಲ ಬಿಡದೆ ಒಂದರ ಹಿಂದೆ ಒಂದು ಕಳಿಸಿದರು. 1970ರಲ್ಲಿ ವೆನೆರಾ 7 ಮೊದಲ ಸಲ ಅಲ್ಲಿನ ನೆಲದಿಂದ ಸಿಗ್ನಲ್ ಕಳಿಸಿತು. 1982ರಲ್ಲಿ ಇಳಿದ ವೆನೆರಾ 13ನ್ನು ಸುಮಾರು ಅರ್ಧ ಗಂಟೆ ಬಾಳಲಿ ಅಂತ ಕಟ್ಟಿದ್ದರು. ಅದು 127 ನಿಮಿಷ ಬಾಳಿತು, ಬಣ್ಣದ ಚಿತ್ರ ಕಳಿಸಿತು. ಅದರ ಜೊತೆಯ ವೆನೆರಾ 14ರಲ್ಲಿ ಒಂದು ಬೇಜಾರಿನ ವಿಷಯ ನಡೆಯಿತು. ಮಣ್ಣಿನ ಗಟ್ಟಿತನ ನೋಡುವ ತೋಳು ಕೆಳಗೆ ಬಂದು ಊರಿದ್ದು ಕ್ಯಾಮೆರಾದಿಂದ ಕಳಚಿಬಿದ್ದ ಮುಚ್ಚಳದ ಮೇಲೆ. ಅಷ್ಟು ದೂರ ಹೋಗಿ, ಅಷ್ಟು ಬಿಸಿ ತಡೆದು, ಅಳೆದಿದ್ದು ತನ್ನದೇ ಮುಚ್ಚಳವನ್ನು. ಚಿತ್ರದಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ.

ತಿರುಪುಮೊಳೆ

ಎಲ್ಲರೂ ಯಂತ್ರದ ಬಗ್ಗೆ ಮಾತಾಡ್ತಾ ಇದ್ದೀರಿ. ನಾನು ಸ್ವಲ್ಪ ಬೇರೆ ಕಡೆ ಎಳೀತೀನಿ. ಇವುಗಳನ್ನು ಕಟ್ಟೋದು ಸಾವಿರಾರು ಜನ, ಬೇರೆ ಬೇರೆ ಊರಿನಲ್ಲಿ, ಕೆಲವೊಮ್ಮೆ ಬೇರೆ ಬೇರೆ ದೇಶದಲ್ಲಿ ಕೂತು. ಆ ಜನರ ನಡುವಿನ ಸಂದಿನಲ್ಲಿ ತಪ್ಪು ಬಂದು ಕೂರುತ್ತದೆ.

1999ರ ಸೆಪ್ಟೆಂಬರ್‌ನಲ್ಲಿ ಹೋದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಎಲ್ಲರಿಗೂ ಗೊತ್ತು. ಒಂದು ತಂಡದ ಸಾಫ್ಟ್‌ವೇರ್ ಎಂಜಿನ್ ತಳ್ಳಿದ್ದನ್ನು ಪೌಂಡ್ ಲೆಕ್ಕದಲ್ಲಿ ಕೊಡುತ್ತಿತ್ತು, ಇನ್ನೊಂದು ತಂಡ ಅದನ್ನು ನ್ಯೂಟನ್ ಅಂದುಕೊಂಡು ಬಳಸುತ್ತಿತ್ತು. ನಾಲ್ಕೂವರೆ ಪಟ್ಟು ಹತ್ತಿರ ವ್ಯತ್ಯಾಸ. ಮಂಗಳದಿಂದ 226 ಕಿ.ಮೀ. ಎತ್ತರದಲ್ಲಿ ಹಾದುಹೋಗಬೇಕಿದ್ದ ನೌಕೆ 57 ಕಿ.ಮೀ. ಹತ್ತಿರಕ್ಕೆ ಬಂದು ಹಾಳಾಯಿತು. ಜನ ಇದನ್ನು ಅಳತೆಯ ಗೊಂದಲ ಅಂತ ಹೇಳಿ ಮುಗಿಸುತ್ತಾರೆ. ನನಗೆ ಮುಖ್ಯ ಅನ್ನಿಸೋದು ಬೇರೆ. ದಾರಿ ಸರಿ ಇಲ್ಲ ಅನ್ನೋ ಅನುಮಾನ ದಾರಿ ನೋಡಿಕೊಳ್ಳುವವರಲ್ಲಿ ಕೆಲವರಿಗೆ ಮೊದಲೇ ಬಂದಿತ್ತು. ಅದು ಮೇಲಿನವರೆಗೆ ಸರಿಯಾದ ರೀತಿಯಲ್ಲಿ ಮುಟ್ಟಲೇ ಇಲ್ಲ.

ಇದಕ್ಕೆ ಉಲ್ಟಾ ಕಥೆ ಹೊಯ್ಗೆನ್ಸ್‌ದು. ಶನಿಯ ಉಪಗ್ರಹ ಟೈಟಾನ್ ಮೇಲೆ ಇಳಿಯೋಕೆ ಹೋದ ಯುರೋಪಿನ ನೌಕೆ, ಅಮೆರಿಕದ ಕಸೀನಿ ಬೆನ್ನ ಮೇಲೆ 1997ರಲ್ಲಿ ಹೊರಟಿತ್ತು. ಹೊಯ್ಗೆನ್ಸ್ ಮಾತಾಡಬೇಕು, ಕಸೀನಿ ಕೇಳಿಸಿಕೊಂಡು ಭೂಮಿಗೆ ದಾಟಿಸಬೇಕು. ಎರಡರ ನಡುವೆ ವೇಗದ ವ್ಯತ್ಯಾಸ ಜಾಸ್ತಿ ಇರೋದರಿಂದ ಸಿಗ್ನಲ್ ಸ್ವಲ್ಪ ಬದಲಾಗಿ ತಲುಪುತ್ತದೆ. ಬೋರಿಸ್ ಸ್ಮೆಡ್ಸ್ ಅನ್ನೋ ಎಂಜಿನಿಯರ್ ಆ ಬದಲಾವಣೆಯನ್ನೂ ಸೇರಿಸಿ ಪರೀಕ್ಷೆ ಮಾಡಲೇಬೇಕು ಅಂತ ಪಟ್ಟು ಹಿಡಿದರು. 2000ದಲ್ಲಿ ನೆಲದಿಂದ, ಹೊಯ್ಗೆನ್ಸ್ ಕಳಿಸುವಂಥದ್ದೇ ಸಿಗ್ನಲ್ ಅನ್ನು ಕಸೀನಿಗೆ ಕಳಿಸಿ ನೋಡಿದರೆ, ಕಸೀನಿಯ ರಿಸೀವರ್ ಅದನ್ನು ಬಿಡಿಸಿ ಓದಲಾಗದೆ ತಡವರಿಸಿತು. ಹಾಗೇ ಬಿಟ್ಟಿದ್ದರೆ ಟೈಟಾನ್‌ನ ಬಹುಪಾಲು ಮಾಹಿತಿ ದಾರಿಯಲ್ಲೇ ಹೋಗುತ್ತಿತ್ತು. ನೌಕೆ ಹಾರಿ ವರ್ಷಗಳಾಗಿವೆ, ರಿಸೀವರ್ ಬದಲಿಸೋಕೆ ಆಗಲ್ಲ. ಅದಕ್ಕೆ ಕಸೀನಿ ಹೋಗುವ ದಾರಿಯನ್ನೇ ಬದಲಿಸಿದರು. ಟೈಟಾನ್‌ನಿಂದ ಇನ್ನೂ ದೂರದಲ್ಲಿ, ವೇಗದ ವ್ಯತ್ಯಾಸ ಕಡಿಮೆ ಆಗುವ ಹಾಗೆ ಹಾದುಹೋದರು. 2005ರ ಜನವರಿ 14ರಂದು ಹೊಯ್ಗೆನ್ಸ್ ಇಳಿಯಿತು, ಟೈಟಾನ್‌ನ ನೆಲದ ಕಲ್ಲುಗಳನ್ನು ನಾವು ನೋಡಿದೆವು. ಅಲ್ಲೂ ಒಂದು ರಿಸೀವರ್ ಆನ್ ಮಾಡುವ ಆಜ್ಞೆ ಬಿಟ್ಟುಹೋಗಿ ಅರ್ಧದಷ್ಟು ಚಿತ್ರಗಳು ಕಳೆದವು.

ಎಲ್ಲರೂ "ಸಾಕು, ಪರೀಕ್ಷೆ ಆಗಿದೆ" ಅನ್ನುವಾಗ ಇನ್ನೊಂದು ಸಲ ನೋಡೋಣ ಅನ್ನುವ ಒಬ್ಬರು ತಂಡದಲ್ಲಿ ಇರಬೇಕು, ಅವರ ಮಾತು ಕೇಳುವವರೂ ಇರಬೇಕು. ರಾಕೆಟ್ ಎಷ್ಟು ದೊಡ್ಡದಾದರೂ ಇದು ತಾನಾಗಿ ಬರಲ್ಲ.

ರಾತ್ರಿಪಾಳಿ

ಒಪ್ಪಿದೆ. ಒಂದೇ ಸೇರಿಸುತ್ತೇನೆ. ಎಲ್ಲವನ್ನೂ ನೆಲದ ಮೇಲೆ ಪರೀಕ್ಷಿಸಿ ಮುಗಿಸೋಕೂ ಆಗಲ್ಲ. ಗುರುವಿಗೆ ಹೋದ ಅಮೆರಿಕದ ಗೆಲಿಲಿಯೊ ನೌಕೆಯ ದೊಡ್ಡ ಆಂಟೆನಾ ಕೊಡೆಯ ಹಾಗೆ ಮಡಚಿಕೊಂಡಿತ್ತು. 1986ರ ಚಾಲೆಂಜರ್ ಬಾಹ್ಯಾಕಾಶ ಶಟಲ್ ದುರಂತದಿಂದ ಹಾರಾಟ ಮುಂದೆ ಹೋಗಿ, ನೌಕೆ ವರ್ಷಗಟ್ಟಲೆ ನೆಲದ ಮೇಲೆ ಕಾದು, ಲಾರಿಯಲ್ಲಿ ಅಮೆರಿಕದ ಈ ತುದಿಯಿಂದ ಆ ತುದಿಗೆ ಓಡಾಡಿತು. ಆ ಅಲುಗಾಟದಲ್ಲೇ ಕಡ್ಡಿಗಳಿಗೆ ಹಚ್ಚಿದ್ದ ಲೂಬ್ರಿಕೆಂಟ್ ಸವೆದಿರಬೇಕು ಅನ್ನೋದು ತನಿಖೆ ಮಾಡಿದವರ ಅಂದಾಜು. 1991ರಲ್ಲಿ ಬಿಚ್ಚಲು ಹೋದರೆ ಕೆಲವು ಕಡ್ಡಿಗಳು ಅಂಟಿಕೊಂಡಿದ್ದವು. ಸೆಕೆಂಡಿಗೆ 1,34,000 ಬಿಟ್ ಕಳಿಸಬೇಕಿದ್ದ ನೌಕೆ ಸಣ್ಣ ಆಂಟೆನಾದಲ್ಲಿ, ಸಾಫ್ಟ್‌ವೇರ್ ಎಲ್ಲ ಬದಲಿಸಿದ ಮೇಲೂ, ಸೆಕೆಂಡಿಗೆ ಹೆಚ್ಚೆಂದರೆ 160 ಬಿಟ್ ಕಳಿಸಿತು. ಅಷ್ಟರಲ್ಲೇ ಗುರುವಿನ ಉಪಗ್ರಹಗಳ ಬಗ್ಗೆ ಅಷ್ಟೆಲ್ಲ ತಿಳಿಸಿಕೊಟ್ಟಿತು.

ಹೊಸಬ_22

ನಾನು ಅಂದುಕೊಂಡಿದ್ದಕ್ಕಿಂತ ಎಷ್ಟೋ ಬೇರೆ ಇದೆ ಇದು. ಕೊನೆಯ ಪ್ರಶ್ನೆ. ನ್ಯೂ ಹೊರೈಜನ್ಸ್ ಒಂಬತ್ತು ವರ್ಷ ಓಡಿ ಪ್ಲೂಟೊ ಹತ್ತಿರ ಹೋಗಿ ನಿಲ್ಲದೆ ದಾಟಿಹೋಯಿತಲ್ಲ, ಅಲ್ಲೇ ಸುತ್ತುವ ಹಾಗೆ ಯಾಕೆ ಮಾಡಲಿಲ್ಲ?

ಸಿಗ್ನಲ್‌ಸಿಕ್ತು

ಮತ್ತೆ ಅದೇ, ನಿಲ್ಲೋದು. ಹೊರಟಾಗ ಅದರ ತೂಕ 478 ಕೆ.ಜಿ. ಅಷ್ಟು ಹಗುರ ಇದ್ದಿದ್ದಕ್ಕೇ ಅಷ್ಟು ಬೇಗ ಹೋಯಿತು. ಪ್ಲೂಟೊ ಹತ್ತಿರ ಅದರ ವೇಗ ಸೆಕೆಂಡಿಗೆ ಸುಮಾರು 14 ಕಿ.ಮೀ. ಮಂಗಳಯಾನ 24 ನಿಮಿಷ ಎಂಜಿನ್ ಉರಿಸಿ ಕಳೆದುಕೊಂಡಿದ್ದು ಸೆಕೆಂಡಿಗೆ 1.1 ಕಿ.ಮೀ. ಮಾತ್ರ, ಅದಕ್ಕೆ ಹತ್ತಿರ ಹತ್ತಿರ 250 ಕೆ.ಜಿ. ಇಂಧನ ಹೋಯಿತು. ಪ್ಲೂಟೊದಲ್ಲಿ ಹಿಡಿದು ನಿಲ್ಲಿಸುವಷ್ಟು ಸೆಳೆತವೂ ಇಲ್ಲ, ಉಜ್ಜಿಕೊಳ್ಳುವಷ್ಟು ಗಾಳಿಯೂ ಇಲ್ಲ. ನಿಲ್ಲಿಸುವಷ್ಟು ಇಂಧನ ತುಂಬಿದ್ದರೆ ನೌಕೆ ಆಗ ಇದ್ದ ಯಾವ ರಾಕೆಟ್ಟಿಗೂ ಎತ್ತಲಾಗದಷ್ಟು ಭಾರ ಆಗುತ್ತಿತ್ತು. ನಿಧಾನವಾಗಿ ಹೋಗಿದ್ದರೆ ಇನ್ನೂ ಎಷ್ಟೋ ವರ್ಷ ಬೇಕಿತ್ತು. ಹಾಗಾಗಿ 2015ರ ಜುಲೈ 14ರಂದು ಹಾದುಹೋಗುವ ಕೆಲವು ಗಂಟೆಗಳಲ್ಲೇ ಮುಖ್ಯವಾದದ್ದೆಲ್ಲ ನೋಡಿಕೊಳ್ಳಬೇಕಾಯಿತು. ಆ ಮಾಹಿತಿ ಪೂರ್ತಿ ಭೂಮಿಗೆ ಬಂದು ಮುಟ್ಟಿದ್ದು 2016ರ ಅಕ್ಟೋಬರ್‌ನಲ್ಲಿ.

ಲೆಕ್ಕದಮೇಷ್ಟ್ರು

ಹೊಸಬರೇ, ಆಸಕ್ತಿ ಇದ್ದರೆ ಬೆಪಿಕೊಲಂಬೊ ಬಗ್ಗೆ ಓದಿ. ಯುರೋಪ್ ಮತ್ತು ಜಪಾನ್ ಸೇರಿ 2018ರಲ್ಲಿ ಬುಧಕ್ಕೆ ಕಳಿಸಿದ ನೌಕೆ. ದಾರಿಯಲ್ಲಿ ಒಂಬತ್ತು ಸಲ ಗ್ರಹಗಳ ಪಕ್ಕ ಹಾದುಹೋಗುವ ಯೋಜನೆ ಅದರದ್ದು. 2024ರಲ್ಲಿ ಅದರ ವಿದ್ಯುತ್ ಎಂಜಿನ್‌ಗಳಿಗೆ ಪೂರ್ತಿ ವಿದ್ಯುತ್ ಸಿಗದೆ ತೊಂದರೆ ಆಯಿತು. ಲೆಕ್ಕದವರು ಹೊಸ ದಾರಿ ಹುಡುಕಿದರು, ಆ ಸೆಪ್ಟೆಂಬರ್‌ನಲ್ಲಿ ಬುಧದಿಂದ ಬರೀ 165 ಕಿ.ಮೀ. ಮೇಲೆ ಹಾಯಿಸಿದರು. ಸೇರುವ ದಿನ 2025ರ ಡಿಸೆಂಬರ್‌ನಿಂದ 2026ರ ನವೆಂಬರ್‌ಗೆ ಹೋಯಿತು. ಕಡಿಮೆ ವಿದ್ಯುತ್ತಿನಲ್ಲೇ ಸೇರುವ ಹಾಗೆ ದಾರಿ ಬರೆದಿದ್ದಾರೆ.